ಗೋಳದ ಮೇಲೊಂದು ಸೂಜಿ

ಸೀಮೆಸುಣ್ಣದ ಪುಡಿ ಅವನ ಬೂಟಿನ ಮೇಲೆ ಬೀಳುತ್ತಿದೆ, ಕರಿ ಬೂಟು, ಬೆಳಿಗ್ಗೆ ಅವಳೇ ಎಡಗೈಯಲ್ಲಿ ತಿಕ್ಕಿ ಹೊಳೆಸಿದ್ದು, ಈಗ ಅದರ ಮೂತಿಗೆ ಬೂದಿ ಬಳಿದ ಹಾಗೆ, ಅವನಿಗೆ ಗೊತ್ತಿಲ್ಲ, ಗೊತ್ತಾದರೆ ಸಂಜೆ ಅದಕ್ಕೂ ಒಂದು ಮಾತು ಬರುತ್ತದೆ — ಬರಲಿ, ಬೂಟಿನ ಮಾತು ಸಣ್ಣ ಮಾತು. ನಾಲ್ಕನೆಯ ಸಾಲಿನ ತುದಿಯ ಕುರ್ಚಿಯಿಂದ ನೋಡಿದರೆ ಹಲಗೆಯ ಮುಂದೆ ಅವನು ಅರ್ಧವೇ ಕಾಣುತ್ತಾನೆ, ಇನ್ನರ್ಧವನ್ನು ಮುಂದಿನ ಸಾಲಿನ ಯಾರದೋ ತಲೆ ನುಂಗಿದೆ, ಅರ್ಧ ನುಂಗಿಸಿಕೊಂಡ ಗಂಡನನ್ನು ನೋಡುತ್ತ ಕೂರುವುದರಲ್ಲೂ ಒಂದು ಸಮಾಧಾನ, ಉಳಿದರ್ಧವನ್ನೂ ನುಂಗು ಎಂದು ಆ ತಲೆಗೆ ಹೇಳಬೇಕೆನಿಸುತ್ತದೆ, ಅಗಿದು ನುಂಗು, ಎಲುಬು ಉಗಿ. ನೂರಿಪ್ಪತ್ತು ಜನ, ನಾಲ್ಕು ದಿನ, ವರ್ಷಕ್ಕೊಮ್ಮೆ ಹೀಗೆ ಗಣಿತದ ವಿಶ್ಲೇಷಣೆಯವರೂ ರೇಖಾಗಣಿತದವರೂ ಒಂದೇ ಸಭಾಂಗಣದಲ್ಲಿ ಕೂತು ಕಾಫಿ ಕುಡಿದು ಒಬ್ಬರ ಪ್ರಮೇಯವನ್ನೊಬ್ಬರು ಹರಿಯುತ್ತಾರೆ, ಪ್ರತಿ ವರ್ಷ ಅಧ್ಯಕ್ಷರು ಅದೇ ಹಾಸ್ಯ ಹೇಳುತ್ತಾರೆ, ರೇಖಾಗಣಿತದವರು ಚಿತ್ರ ನೋಡಿದ ಕೂಡಲೇ ನಂಬ್ತಾರೆ, ವಿಶ್ಲೇಷಣೆಯವರು ಚಿತ್ರ ನೋಡಿದ ಮೇಲೂ ನಂಬಲ್ಲ, ಪ್ರತಿ ವರ್ಷ ಅದೇ ನಗು, ಅವಳೂ ನಕ್ಕಳು, ನಕ್ಕಾಗ ಪ್ಲಾಸ್ಟರ್ ಒಳಗೆ ಬಲಗೈ ಮಣಿಕಟ್ಟು ಮಿಡಿಯಿತು, ಒಳಗೆ ಯಾರೋ ಬಾಗಿಲು ಬಡಿಯುತ್ತಿರುವ ಹಾಗೆ. ಅವನು ಹೇಳುತ್ತಿದ್ದಾನೆ, ಒಂದು ಗಾತ್ರವನ್ನು ಅತಿ ಕಡಿಮೆ ಚರ್ಮದಲ್ಲಿ ಸುತ್ತಬೇಕಾದರೆ ಅದು ಗೋಳವೇ ಆಗಿರಬೇಕು, ಇದು ಸೋಪಿನ ಗುಳ್ಳೆಗೂ ಗೊತ್ತು, ಈಗ ಪ್ರಶ್ನೆ ಏನಂದ್ರೆ, ಚರ್ಮ ಕೂದಲೆಳೆಯಷ್ಟು ಹೆಚ್ಚಾದರೆ ಆಕಾರ ಗೋಳದಿಂದ ಎಷ್ಟು ದೂರ ಓಡಬಹುದು? — ಓಡಲಾರದು, ಎಂಬುದು ಅವನ ಪ್ರಮೇಯ. ಓಡಬಹುದು, ಎಂಬುದು ಸೂಜಿ. ಗೋಳದ ಮೈಯಿಂದ ಹೊರಟ ಒಂದು ಸೂಜಿ, ಅಷ್ಟು ಸಣ್ಣದು, ಅದರ ಚರ್ಮ ಲೆಕ್ಕಕ್ಕೇ ಬಾರದು, ಒಳಗಿನ ಗಾತ್ರವಂತೂ ಇಲ್ಲವೇ ಇಲ್ಲ, ಆದರೆ ತುದಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಸೂಜಿಗಳಿವೆ ಎಂದು ಇಲ್ಲಿ ಕೂತ ಎಲ್ಲರಿಗೂ ಗೊತ್ತು, ಅದಕ್ಕೇ ಅವನೊಂದು ಹೊಸ ಷರತ್ತು ಹಾಕಿದ್ದಾನೆ, ಆ ಷರತ್ತು ಸೂಜಿಗಳ ತಲೆಯನ್ನೆಲ್ಲ ಕತ್ತರಿಸಿಹಾಕುತ್ತದೆ ಎಂದು ಈಗ ಕೋಲು ಹಿಡಿದು ತೋರಿಸುತ್ತಿದ್ದಾನೆ, ಉದ್ದನೆಯ ಕೋಲು, ತುದಿಗೆ ಹಿತ್ತಾಳೆ, ಆ ಕೋಲನ್ನು ಅವನ ಗಂಟಲ ಗುಳಿಗೆ ಇಟ್ಟು ಒತ್ತಿದರೆ ಎಷ್ಟು ಒತ್ತಬೇಕಾದೀತು, ಚರ್ಮ ಮೊದಲು ಒಳಕ್ಕೆ ಬಾಗುತ್ತದೆ, ಬಾಗುತ್ತ ಬಾಗುತ್ತ ಒಮ್ಮೆಲೇ — ಛೀ, ಅಲ್ಲ, ಛೀ ಏಕೆ, ಒಮ್ಮೆಲೇ ಹರಿಯುತ್ತದೆ. ಎಲ್ಲ ಸೂಜಿಗಳೂ ಸಾಯುವುದಿಲ್ಲ. ಒಂದು ಜಾತಿ ಬದುಕುತ್ತದೆ, ಬುಡದಲ್ಲಿ ಮೆಲ್ಲಗೆ ಅರಳಿ ಗೋಳಕ್ಕೆ ಕೂಡಿಕೊಂಡು, ತುದಿಯತ್ತ ನಿಧಾನವಾಗಿ, ಬಹಳ ನಿಧಾನವಾಗಿ ಸಣ್ಣಗಾಗುವ ಸೂಜಿ. ಅದನ್ನು ಕಂಡವಳು ಅವಳು. ಸದ್ಯಕ್ಕೆ ಈ ಲೋಕದಲ್ಲಿ ಅದನ್ನು ಕಂಡವರು ಇಬ್ಬರೇ, ಅವಳು, ಮತ್ತು ಕೋಲು ಹಿಡಿದು ನಿಂತ ಅವನು.

ಇನ್ನು ಮುಂದೆ ಸಿ ಅಂದ್ರೆ ಒಂದು ಸ್ಥಿರಾಂಕ, ಅದು ಸಾಲಿಂದ ಸಾಲಿಗೆ ಬದಲಾಗಬಹುದು, ಎನ್ನುತ್ತಾನೆ, ಯಾರೂ ಹುಬ್ಬೇರಿಸುವುದಿಲ್ಲ, ಈ ಕಸುಬಿನ ರೂಢಿ ಅದು, ಸಾಲಿಗೊಂದು ಹೊಸ ಅಕ್ಷರ ಎಲ್ಲಿಂದ ತರುವುದು, ಮೇಲಿನ ಸಾಲಿನಲ್ಲಿ ಎರಡಿದ್ದದ್ದು ಕೆಳಗೆ ಇಪ್ಪತ್ತಾಗಲಿ ಇನ್ನೂರಾಗಲಿ ಹೆಸರು ಮಾತ್ರ ಸಿ, ಎಷ್ಟೇ ದೊಡ್ಡದಾದರೂ ಎಲ್ಲೋ ಒಂದು ಕಡೆ ನಿಲ್ಲುತ್ತದೆ ಎಂಬ ನಂಬಿಕೆಯಿದ್ದರೆ ಸಾಕು. ಮನೆಯಲ್ಲೂ ಹಾಗೆಯೇ ಅಲ್ಲವೇ, ಮೊದಲ ವರ್ಷ ತಟ್ಟೆ ಗೋಡೆಗೆ ಬಡಿಯಿತು, ಕೋಪ ಬಂತು ಎಂದ, ಎರಡನೆಯ ವರ್ಷ ಕೆನ್ನೆ, ಕೋಪ ಬಂತು, ಆಮೇಲೆ ಕೂದಲು ಹಿಡಿದು ಬಾಗಿಲ ಚೌಕಟ್ಟಿಗೆ, ಒಂದು ಸಲ, ಎರಡು ಸಲ, ಹುಬ್ಬಿನ ಮೇಲೆ ನಾಲ್ಕು ಹೊಲಿಗೆ, ಕೋಪ ಬಂತು, ಎಲ್ಲಕ್ಕೂ ಅದೇ ಒಂದು ಹೆಸರು, ಸಾಲಿನಿಂದ ಸಾಲಿಗೆ ಬೆಳೆಯುತ್ತ ಹೋಗುವ ಒಂದೇ ಅಕ್ಷರ, ಮತ್ತು ಅವಳು, ಇತರರ ಪ್ರಬಂಧಗಳಲ್ಲಿ ಇಂಥದೇ ಕಳ್ಳತನವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯುವವಳು, ಅವಳು ನಂಬುತ್ತಲೇ ಬಂದಳು, ಎಲ್ಲೋ ಒಂದು ಕಡೆ ನಿಲ್ಲುತ್ತದೆ ಎಂದು. ಜರಡಿ ಎಂದು ಅವಳಿಗೆ ಅಡ್ಡಹೆಸರು. ಹತ್ತು ವರ್ಷದಿಂದ ಯಾರೇ ಏನೇ ಬರೆದರೂ ಅಚ್ಚಿಗೆ ಹೋಗುವ ಮೊದಲು ಜರಡಿಗೆ ಹಾಕಿ ನೋಡೋಣ ಎನ್ನುತ್ತಾರೆ, ಜರಡಿ ಸರಿ ಎಂದರೆ ಸರಿ. ಮೂರು ವಾರದ ಕೆಳಗೆ, ಭಾನುವಾರ ಬೆಳಿಗ್ಗೆ, ಅಡುಗೆಮನೆ, ಹಾಲು ಕಾಯುತ್ತಿದೆ, ಅವಳು ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲ್ ಹಿಡಿದು, ನೋಡಿ ಇಲ್ಲಿ, ನಿಮ್ಮ ನಾಲ್ಕನೆಯ ಲೆಮ್ಮಾದಲ್ಲಿ ಈ ಸಿ ಇದೆಯಲ್ಲ, ಇದು ಸೂಜಿಯ ಬುಡದ ದಪ್ಪಕ್ಕೆ ಕಟ್ಟುಬಿದ್ದಿದೆ, ಬುಡ ಸಣ್ಣಗಾದ ಹಾಗೆ ಇದು ಹಿಗ್ಗುತ್ತೆ, ಹಿಗ್ಗಿ ಕೈ ಮೀರುತ್ತೆ, ಲೆಮ್ಮಾ ಬಿದ್ರೆ ಪ್ರಮೇಯ ಬಿತ್ತು, ಪ್ರಮೇಯಕ್ಕೆ ಊರುಗೋಲು ಅದೇ ತಾನೆ — ಎಷ್ಟು ಖುಷಿಯಿತ್ತು ಅವಳಿಗೆ, ಥೂ, ಅದೊಂದು ನಾಚಿಕೆ, ಖುಷಿಯಲ್ಲೇ ಹೇಳಿದಳು, ಸುಂದರವಾಗಿತ್ತು ಆ ಸೂಜಿ. ಅವನು ನಕ್ಕ. ಎಲ್ಲಿ, ಬರಿ ನೋಡೋಣ. ಬರೆದಳು. ಇನ್ನೊಂದ್ಸಲ ಬರಿ. ಬರೆದಳು. ಪೆನ್ಸಿಲ್ ಸಮೇತ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ, ಮುದ್ದಿಗೆ ಹಿಡಿದ ಹಾಗೇ ಇತ್ತು, ಆಮೇಲೆ ತಿರುಗಿಸಿದ, ಹಿಂಡುವ ಬಟ್ಟೆಯನ್ನು ತಿರುಗಿಸಿದಂತೆ, ಮುಂಗೈಯಲ್ಲಿ ಎರಡು ಎಲುಬು, ಒಂದು ಇನ್ನೊಂದರ ಮೇಲೆ ಹತ್ತುತ್ತದೆ, ಇನ್ನು ಹತ್ತಲು ಜಾಗವಿಲ್ಲ, ಆಮೇಲೂ ತಿರುಗಿಸಿದ, ಒಣಕಡ್ಡಿಯ ಸದ್ದು, ಎಷ್ಟು ಸಣ್ಣ ಸದ್ದು, ಹಾಲು ಉಕ್ಕಿ ಒಲೆಗೆ ಬಿದ್ದ ಸದ್ದೇ ಅದಕ್ಕಿಂತ ದೊಡ್ಡದಿತ್ತು, ಪತ್ರಿಕೆಯ ಮೇಲೆ ಪೆನ್ಸಿಲ್ ಒಂದು ಉದ್ದ ಗೆರೆ ಎಳೆದಿತ್ತು, ಅವಳು ಕೆಳಗೆ ಬೀಳುತ್ತ ಆ ಗೆರೆಯನ್ನೇ ನೋಡುತ್ತಿದ್ದಳು, ಬುಡದಲ್ಲಿ ಅಗಲ, ತುದಿಯತ್ತ ಸಣ್ಣಗೆ, ಸೂಜಿ. ಆಸ್ಪತ್ರೆಗೆ ಅವನೇ ಕರೆದೊಯ್ದ, ಕಾರಿನ ಬಾಗಿಲು ತೆಗೆದು ಹಿಡಿದ. ಪ್ರಬಂಧದ ಕೊನೆಗೆ ಬರೆದಿದ್ದಾನೆ, ಪ್ರತಿ ಸಾಲನ್ನೂ ತಾಳ್ಮೆಯಿಂದ ಪರಿಶೀಲಿಸಿದ ನನ್ನ ಹೆಂಡತಿಗೆ ಕೃತಜ್ಞತೆಗಳು. ಅಮ್ಮ ಫೋನಿನಲ್ಲಿ, ಅವರಿಗೆ ತಲೆ ಬಿಸಿ ಇರುತ್ತಮ್ಮಾ, ಲೆಕ್ಕದವರು, ನೀನು ಸ್ವಲ್ಪ ಬಾಯಿ ಮುಚ್ಕೊಂಡಿದ್ರೆ — ಅಮ್ಮಾ, ನಾನೂ ಲೆಕ್ಕದವಳೇ. ಅಯ್ಯೋ, ಅದು ನಂಗೊತ್ತಿಲ್ವೇನೇ. ಇಲ್ಲಿ ಪಕ್ಕದ ಕುರ್ಚಿಯಲ್ಲಿ ಗೆಳತಿ, ಓದುವ ಕಾಲದಲ್ಲಿ ಒಂದೇ ಕೋಣೆ, ಒಂದೇ ಬಾಚಣಿಗೆ, ಬೆಳಿಗ್ಗೆ ಹೆಸರು ನೋಂದಾಯಿಸುವ ಮೇಜಿನ ಹತ್ತಿರ ಪ್ಲಾಸ್ಟರ್ ತಟ್ಟಿ ನೋಡಿ ಕೇಳಿದಳು, ಏನೇ ಇದು? ಬಚ್ಚಲಲ್ಲಿ ಜಾರಿದೆ ಕಣೇ. ಹೋದ ವರ್ಷ ಹುಬ್ಬು? ಮೆಟ್ಟಿಲಲ್ಲಿ ಜಾರಿದ್ದೆ. ಅದರ ಹಿಂದಿನ ವರ್ಷ? ನಿಮ್ಮನೇಲಿ ನೆಲಾನೇ ಇಲ್ವೇನೇ, ಎಲ್ಲಾ ಕಡೆ ಬರೀ ಪಾಚೀನಾ? ಎಂದಳು ಗೆಳತಿ, ಆಗಲೂ ನಗಲಿಲ್ಲ, ಈಗಲೂ ಹಲಗೆ ನೋಡುತ್ತಿಲ್ಲ, ಅವಳ ಮುಖದ ಒಂದು ಪಕ್ಕವನ್ನೇ ನೋಡುತ್ತಿದ್ದಾಳೆ, ನನ್ನ ನೋಡ್ಬೇಡ ಕಣೇ, ಮುಂದೆ ನೋಡು, ನಾಲ್ಕನೆಯ ಲೆಮ್ಮಾ ಬಂತು.

ಲೆಮ್ಮಾ ಬಂತು, ಹೋಯಿತು, ಅವನು ಅದನ್ನು ಎರಡೇ ಸಾಲಿನಲ್ಲಿ ದಾಟಿದ, ಕೊಚ್ಚೆ ದಾಟುವವನು ಪಂಚೆ ಎತ್ತಿ ಹಿಡಿದ ಹಾಗೆ, ಕೈಗಡಿಯಾರ ನೋಡಿಕೊಂಡ, ಮಧ್ಯಾಹ್ನ ಮೂರಕ್ಕೆ ಸಮಿತಿ ಕೂರುತ್ತದೆ, ಸಂಶೋಧನಾ ಕೇಂದ್ರಕ್ಕೆ ಮುಖ್ಯಸ್ಥ ಯಾರು ಎಂದು, ಈ ಪ್ರಮೇಯ ನಿಂತರೆ ಅವನೇ, ಇವತ್ತು ಬೆಳಿಗ್ಗೆ ಕನ್ನಡಿಯ ಮುಂದೆ ಕಾಲರ್ ಸರಿಮಾಡಿಕೊಳ್ಳುತ್ತ ಹೇಳಿದ್ದ, ಯಾರಾದ್ರೂ ಕೇಳಿದ್ರೆ ಸರಿಯಿದೆ ಅನ್ನು, ಒಂದೇ ಮಾತು, ಜಾಸ್ತಿ ಬೇಡ, ಎಡಗೈ ಇನ್ನೂ ಚೆನ್ನಾಗಿದೆಯಲ್ಲ. ಎಡಗೈ ಚೆನ್ನಾಗಿದೆ. ತೊಡೆಯ ಮೇಲೆ ಮಲಗಿದೆ, ಅದಕ್ಕೇನೂ ಗೊತ್ತಿಲ್ಲ ಎಂಬಂತೆ. ಪ್ರಶ್ನೆಗಳಿದ್ರೆ, ಎಂದು ಅವನು ಕೋಲು ಕೆಳಗಿಟ್ಟಾಗ ಮೊದಲ ಸಾಲಿನಲ್ಲಿ ಮುದುಕರೊಬ್ಬರು ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದರು, ಕೋಳಿನಿದ್ದೆಯ ಅಜ್ಜ ಎಂದು ಎಲ್ಲರೂ ಕರೆಯುವವರು, ನಿದ್ದೆ ಮಾಡಿದ ಹಾಗಿರುತ್ತಾರೆ, ಕೊನೆಗೆ ಕೊಕ್ಕು ಹಾಕುತ್ತಾರೆ. ಏನಪ್ಪಾ, ಆ ನಾಲ್ಕನೇ ಲೆಮ್ಮಾದ ಸಿ ಯಾವುದರ ಮೇಲೆ ನಿಂತಿದೆ? ಆಯಾಮದ ಮೇಲೆ ಮಾತ್ರ ಸರ್. ಸೂಜಿ ಸಣ್ಣಗಾದ್ರೂ? ಸಣ್ಣಗಾದ್ರೂ ಸರ್. ಯಾರು ನೋಡಿದಾರೆ? ಅವನು ನಕ್ಕ, ಆ ನಗು, ಅಡುಗೆಮನೆಯ ಅದೇ ನಗು, ಜರಡೀನೇ ನೋಡಿದೆ ಸರ್, ನಮ್ಮನೇಲೇ ಇದೆಯಲ್ಲ ಜರಡಿ, ಅಲ್ಲೇ ಕೂತಿದಾಳೆ, ಕೇಳಿ. ಸಭೆಯೆಲ್ಲ ನಕ್ಕಿತು, ಕುರ್ಚಿಗಳು ಕಿರುಗುಟ್ಟಿದವು, ನೂರಿಪ್ಪತ್ತು ಮುಖ ತಿರುಗಿದವು. ಹೇಳೇ, ಸರಿಯಿದೆ ಅಂತ ಹೇಳು, ಸರ್ ಆರಾಮಾಗಿ ನಿದ್ದೆ ಮಾಡ್ಲಿ. ಮತ್ತೆ ನಗು. ಎಷ್ಟು ಧೈರ್ಯ ಅವನಿಗೆ, ಅಲ್ಲ, ಧೈರ್ಯವಲ್ಲ, ಲೆಕ್ಕ, ಅವಳ ಹೆದರಿಕೆಗೆ ಒಂದು ಮಿತಿಯಿದೆ ಎಂದು ಅವನಿಗೆ ಅನ್ನಿಸಿಯೇ ಇಲ್ಲ, ಅದನ್ನು ಎಷ್ಟು ಬೇಕಾದರೂ ಎಳೆಯಬಹುದು ಎಂದು ಬಗೆದು ತನ್ನ ಪ್ರಮೇಯವನ್ನೇ ಅದಕ್ಕೆ ನೇತುಹಾಕಿದ್ದಾನೆ. ಸರಿ. ಎರಡೇ ಅಕ್ಷರ, ನಾಲಿಗೆ ಹಲ್ಲಿಗೆ ತಾಗಿದರೆ ಆಯಿತು, ಅಂದುಬಿಟ್ಟರೆ ಸಂಜೆ ಮನೆಗೆ ಹೋಗಬಹುದು, ಊಟ ಮಾಡಬಹುದು, ಅಂದರೆ ನಾಳೆಯಿಂದ ಈ ಕೋಣೆಯಲ್ಲಿ ಯಾರೂ ಅವಳ ಸರಿಯನ್ನು ಸರಿ ಎನ್ನಲಾರರು, ಸೂಜಿ ಇಂದಲ್ಲ ನಾಳೆ ಯಾರಿಗಾದರೂ ಚುಚ್ಚುತ್ತದೆ, ಆಗ ಜರಡಿಯ ತಳ ಹರಿದದ್ದು ಎಲ್ಲರಿಗೂ ಕಾಣುತ್ತದೆ, ಬೇರೇನಿದೆ ಅವಳ ಹತ್ತಿರ, ಮುಖವಿದೆಯೇ, ಮನೆಯಿದೆಯೇ, ಹೊಡೆತ ಬೀಳದ ಒಂದೇ ಒಂದು ಜಾಗ ಅದು, ಅವಳ ಸರಿ, ಅವಳ ತಪ್ಪು. ಬಾಯಿ ತೆರೆದಳು. ಹಲಗೆಗೆ ಬರ್ಲಾ, ಎಂಬ ಧ್ವನಿ ಕೇಳಿಸಿತು, ಅವಳದೇ. ಬಾಮ್ಮಾ, ಎಂದರು ಅಜ್ಜ, ಕಣ್ಣು ಬಿಟ್ಟು.

ಹನ್ನೊಂದು ಹೆಜ್ಜೆ, ಮೂರು ಮೆಟ್ಟಿಲು, ಇಲ್ಲಿ ಜಾರಿದರೆ ನಗು ಬಂದೀತು, ಜಾರಲಿಲ್ಲ. ಸೀಮೆಸುಣ್ಣ ಎಡಗೈಗೆ ಹೊಸದು, ಗೋಳ ಸೊಟ್ಟಗೆ ಬಂತು, ಸೊಟ್ಟ ಆಲೂಗಡ್ಡೆ, ಇರಲಿ, ಅದರ ಮೈಯಿಂದ ಮೆಲ್ಲಗೆ ಎತ್ತಿ, ಅಗಲದಿಂದ ಸಣ್ಣಕ್ಕೆ, ಎಳೆದಳು. ಬುಡದ ದಪ್ಪ ಇಷ್ಟು ಅಂತಿಟ್ಕೊಳ್ಳಿ, ಷರತ್ತು ಉಳಿಯುತ್ತೆ, ಸಿ ಉಳಿಯಲ್ಲ, ಎಂದಳು, ಅಷ್ಟೇ ಹೇಳಿದಳು, ಹಿಂದೆ ಯಾರೋ ಉಸಿರೆಳೆದರು, ಯಾರದೋ ಪೆನ್ನು ಓಡತೊಡಗಿತು. ಕೈ ಸರಿಯಿಲ್ಲ ಪಾಪ, ಚಿತ್ರ ಸೊಟ್ಟಗಾಗಿದೆ, ಎಂದು ಅವನು ನಗುತ್ತ ಡಸ್ಟರ್ ಹಾಯಿಸಿದ. ಸೂಜಿ ಹೋಯಿತು. ಮತ್ತೆ ಎಳೆದಳು. ಒರೆಸಿದ. ಎಳೆದಳು. ಹತ್ತಿರ ಬಂದ, ಕಾಫಿಯ ಉಸಿರು, ತುಟಿ ಅಲ್ಲಾಡದೆ, ನಡಿ ಮನೆಗೆ, ಇವತ್ತು ನೋಡ್ಕೋ. ಮನೆಗೆ, ಯಾವ ಮನೆಗೆ, ಎಳೆದಳು. ಒರೆಸಿದ, ಈ ಸಲ ಡಸ್ಟರ್ ಅವಳ ಬೆರಳುಗಳ ಮೇಲೆಯೇ ಬಡಿಯಿತು, ಮರದ ಅಂಚು, ಉಗುರಿನ ಬುಡದಲ್ಲಿ ಕೆಂಪು ಬಂತು, ಸೀಮೆಸುಣ್ಣಕ್ಕೂ ಹತ್ತಿತು, ಎಳೆದಳು, ಏನಪ್ಪಾ ಇದು, ಎಂದರು ಅಜ್ಜ, ಎದ್ದು ನಿಂತಿದ್ದರು, ಅವನಿಗೆ ಕೇಳಿಸಲಿಲ್ಲ, ಅವನ ಕೈ ತನ್ನಷ್ಟಕ್ಕೆ ತಾನೇ ಹೊರಟಿತ್ತು, ರೂಢಿಯ ದಾರಿ, ಕತ್ತಲಲ್ಲೂ ತಪ್ಪದ ದಾರಿ, ನೂರಿಪ್ಪತ್ತು ಜನ ಕೂತಿದ್ದಾರೆ ಎಂಬುದು ಆ ಕೈಗೆ ಗೊತ್ತಿರಲಿಲ್ಲ, ಅದು ಡಸ್ಟರ್ ಬೀಳಿಸಿ ಪ್ಲಾಸ್ಟರ್ ಮಣಿಕಟ್ಟನ್ನು ಹಿಡಿಯಿತು, ತಿರುಗಿಸಿತು, ಪ್ಲಾಸ್ಟರ್ ಬಿರುಕು ಬಿಟ್ಟ ಸದ್ದು ಈ ಸಲ ದೊಡ್ಡದಾಗಿಯೇ ಇತ್ತು, ಕೊನೆಯ ಸಾಲಿಗೂ ಕೇಳುವಷ್ಟು, ಮತ್ತೆ ಕೋಣೆ ಎಷ್ಟು ಮೌನವಾಯಿತೆಂದರೆ ಎಲ್ಲರೂ ಲೆಕ್ಕ ಮಾಡುತ್ತಿರುವುದು ಅವಳಿಗೆ ಕೇಳಿಸಿತು, ಹೋದ ವರ್ಷದ ಹುಬ್ಬು, ಅದರ ಹಿಂದಿನ ವರ್ಷ, ಅದರ ಹಿಂದಿನದು, ಸಾಲಿನಿಂದ ಸಾಲಿಗೆ. ಬಿಡಯ್ಯಾ ಅವಳ ಕೈನ! ಎಂದು ಅಜ್ಜ ಕೂಗಿದರು. ಒಂದು ಕುರ್ಚಿ ಉರುಳಿತು, ಗೆಳತಿಯ ಚಪ್ಪಲಿಯ ಸದ್ದು ಓಡಿ ಬರುತ್ತಿದೆ, ಅವನು ತನ್ನ ಕೈಯನ್ನು ತಾನೇ ನೋಡುತ್ತ, ಇಲ್ಲ ಸರ್, ಅದು, ಇವಳಿಗೆ ಹುಷಾರಿಲ್ಲ ಸರ್, ಆದರೆ ಕೈ ಇನ್ನೂ ಬಿಟ್ಟಿಲ್ಲ, ನೋವು ಭುಜಕ್ಕೆ ಹತ್ತಿ ಕಿವಿಯೊಳಗೆ ಬಿಳಿಯಾಗಿ ಕೂಗುತ್ತಿದೆ, ಹಿಡ್ಕೋ, ಹಿಡ್ಕೊಂಡೇ ಇರು, ಎಲ್ಲರೂ ನೋಡ್ಲಿ, ಎಡಗೈ ಖಾಲಿಯಿದೆ, ಒರೆಸಲು ಈಗ ಅವನಿಗೆ ಕೈಯಿಲ್ಲ, ಬುಡದಲ್ಲಿ ಮೆಲ್ಲಗೆ ಅರಳಿಸಿ, ಅವಸರವಿಲ್ಲ, ಸಣ್ಣಗೆ, ಅವನ ಅಕ್ಷರಗಳ ಮೇಲೆ ಹಾಯ್ದು, ಅವನ ಪ್ರಮೇಯದ ಮೇಲೆ ಹಾಯ್ದು, ಇನ್ನೂ ಸಣ್ಣಗೆ, ಹಲಗೆ ಇನ್ನೂ ಉಳಿದಿದೆ, ಇನ್ನೂ, ಬಿಳಿ, ತುದಿಗೆ ಒಂದಿಷ್ಟು ಕೆಂಪು, ಸೂಜಿ — ಸೂಜಿ — ಸೂಜಿ