ಹೇಳಬಾರದಿದ್ದ ತೂತು

ಹೊಳೆನರಸೀಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ಆರತಿಗೆ ಸಂಬಳವಿಲ್ಲದ ಇನ್ನೊಂದು ಕೆಲಸವಿತ್ತು. ಹಲವು ದೇಶಗಳ ಜನ ಸೇರಿ, ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್‌ನ ಒಂದು ಬಗೆಯನ್ನು ಸಿದ್ಧಪಡಿಸಿ ಎಲ್ಲರಿಗೂ ಹಂಚುತ್ತಿದ್ದರು. ಅದರಲ್ಲಿದ್ದ ಬ್ರೌಸರನ್ನು ನೋಡಿಕೊಳ್ಳುವ ಹೊಣೆ ಅವಳದು. ಬಸ್ ಸ್ಟ್ಯಾಂಡ್ ಎದುರು ಧರ್ಮೇಂದ್ರ ಬ್ರೌಸಿಂಗ್ ಸೆಂಟರ್ ತೆರೆದಾಗ ಅಲ್ಲಿನ ಕಂಪ್ಯೂಟರುಗಳಿಗೂ ಅದನ್ನೇ ಹಾಕಿಕೊಟ್ಟಿದ್ದಳು. ವೈರಸ್ ಕಾಟ ತಪ್ಪಿತೆಂದು ಅವನು ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದ.

೨೦೦೬ರ ಮೇ ತಿಂಗಳಲ್ಲಿ ಬ್ರೌಸರ್ ಮಾಡಿದವರಿಂದ ಅವಳಿಗೊಂದು ಇ-ಮೇಲ್ ಬಂತು. ಆ ಬ್ರೌಸರಿನಲ್ಲಿ ತೂತೊಂದು ಸಿಕ್ಕಿತ್ತು. ಕೇಡಿಗರು ಹೂಡಿಟ್ಟ ಪುಟವೊಂದನ್ನು ತೆರೆದರೆ ಸಾಕು, ಕಂಪ್ಯೂಟರು ಅವರ ಕೈವಶವಾಗುತ್ತಿತ್ತು. ಆ ಬ್ರೌಸರನ್ನು ಹಂಚುವ ಎಲ್ಲರೂ ತೂತು ಮುಚ್ಚುವ ತೇಪೆ ಸಿದ್ಧಮಾಡಿಕೊಳ್ಳುವ ಗುರುವಾರದ ತನಕ ಯಾರೂ ಬಾಯಿ ಬಿಡಕೂಡದು, ಬಿಟ್ಟರೆ ಕೇಡಿಗರಿಗೇ ದಾರಿ ತೋರಿಸಿದಂತೆ ಎಂದು ಅದರಲ್ಲಿತ್ತು. ಆರತಿ ಒಪ್ಪಿ ಉತ್ತರ ಬರೆದಳು.

ಬ್ರೌಸರ್ ಮಾಡಿದವರು ಹೊಸ ಆವೃತ್ತಿಯನ್ನಷ್ಟೇ ಸರಿಪಡಿಸಿದ್ದರು; ಆರತಿ ನೋಡಿಕೊಳ್ಳುತ್ತಿದ್ದದ್ದು ಹಳೆಯದು. ಅದನ್ನು ಹಾಗೇ ತಂದು ಕೂರಿಸಿದರೆ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು. ಹಾಗಾಗಿ ಹಳೆಯದಕ್ಕೇ ತೇಪೆ ಹೊಲಿಯಬೇಕಿತ್ತು.

ಸಂಜೆ ಸೆಂಟರಿಗೆ ಹೋಗಿ, "ಧರ್ಮೇಂದ್ರ, ಸ್ವಲ್ಪ ದಿನ ಎಲ್ಲದರಲ್ಲೂ ಜಾವಾಸ್ಕ್ರಿಪ್ಟ್ ಆಫ್ ಮಾಡಿಡಿ" ಎಂದಳು. ಪುಟದೊಳಗೆ ಅಡಗಿದ ಪ್ರೋಗ್ರಾಮುಗಳನ್ನು ಓಡಿಸುವ ಅದು ನಿಂತರೆ ಆ ತೂತಿನಲ್ಲಿ ನುಸುಳುವುದು ಕಷ್ಟವಿತ್ತು.

"ಯಾಕ್ ಮೇಡಂ?"

"ಮಾಡಿದರೆ ಒಳ್ಳೇದು."

ಅವನು ಮಾಡಿದ. ಆದರೆ ಮಾರನೆಯ ದಿನ ಪಿಯುಸಿ ರಿಸಲ್ಟ್. ನಂಬರ್ ಹಾಕಿ ಒತ್ತಿದರೆ ಪುಟ ಅಲ್ಲಾಡಲಿಲ್ಲ. ಬಾಗಿಲಲ್ಲಿ ಜನ ಗಲಾಟೆಗೆ ನಿಂತರು. ಧರ್ಮೇಂದ್ರ ಎಲ್ಲವನ್ನೂ ಮತ್ತೆ ಆನ್ ಮಾಡಿಬಿಟ್ಟ. ಮಧ್ಯಾಹ್ನ ಆರತಿ ಬಂದಾಗ ಮೂಲೆಯಲ್ಲಿ ಮೇಷ್ಟ್ರು ಗುಂಡಯ್ಯನವರು ಒಂದೊಂದೇ ಅಕ್ಷರ ಹುಡುಕಿ ತಮ್ಮ ಪಾಸ್‌ವರ್ಡ್ ಒತ್ತುತ್ತಿದ್ದರು. ನಿಜ ಸಂಗತಿ ಅವಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಮನೆಗೆ ಹೋಗಿ ಕೆಲಸಕ್ಕೆ ಕೂತಳು.

ಮೊದಲ ಸಲ ತೇಪೆ ಹಾಕಿದ ಬ್ರೌಸರ್ ತೆರೆದ ಕೂಡಲೇ ಮುಚ್ಚಿಕೊಂಡಿತು. ಹೊಸದರಲ್ಲಿ ಒಂದೇ ಕಡೆ ಇದ್ದ ತಪಾಸಣೆ ಹಳೆಯದರಲ್ಲಿ ಎರಡು ಕಡೆ ಹಂಚಿಹೋಗಿತ್ತು. ಅದು ಕಣ್ಣಿಗೆ ಬಿದ್ದ ಮೇಲೆ ಕೆಲಸ ಸಲೀಸಾಯಿತು. ಗುರುವಾರ ಎಲ್ಲರ ಜೊತೆ ಅವಳ ತೇಪೆಯೂ ಹೊರಬಂತು. ತಾನೇ ಸೆಂಟರಿಗೆ ನಡೆದಳು.

ಧರ್ಮೇಂದ್ರ ತೇಪೆಯ ಜೊತೆ ಬಂದಿದ್ದ ತೂತಿನ ಪ್ರಕಟಣೆಯನ್ನು ಓದಿ ಮುಗಿಸಿದ್ದ. "ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು. ಹೇಳೋ ಹಾಗಿರಲಿಲ್ಲ."

"ನಂಗೂವಾ?"

"ನಿಮಗೂ."

"ಇವ್ರೆಲ್ಲ ನನ್ನ ನಂಬ್ಕಂಡು ಬರೋರು ಮೇಡಂ. ಏನಾದ್ರೂ ಆಗಿದ್ರೆ ನಾನ್ ಎಂಗೆ ಮಕ ತೋರ್ಸ್ಲಿ?"

ಆರತಿ ಮೊದಲ ಕಂಪ್ಯೂಟರಿನ ಮುಂದೆ ಕೂತಳು. ಇಬ್ಬರೂ ಸೇರಿ ಒಂದೊಂದೇ ಕಂಪ್ಯೂಟರಿಗೆ ತೇಪೆ ಹಾಕಿದರು. ಯಾರಾದರೂ ಒಳಹೊಕ್ಕಿದ್ದರೇನೋ ಎಂದು ಅವಳು ಎಲ್ಲವನ್ನೂ ತಡಕಿ ನೋಡಿದಳು. ಯಾವ ಕುರುಹೂ ಕಾಣಲಿಲ್ಲ. ಆದರೂ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಗುಂಡಯ್ಯನವರಿಗೆ ಧರ್ಮೇಂದ್ರನೇ ಫೋನ್ ಮಾಡಿ ಹೇಳಿದ.

ಆಮೇಲೆ ಎರಡು ಟೀ ತರಿಸಿ ಒಂದನ್ನು ಅವಳ ಕಡೆ ಸರಿಸಿದ.

"ಇನ್ನೊಂದ್ ಸಲ ಇಂಗಾದ್ರೆ ಕಾರಣ ಹೇಳ್ಬ್ಯಾಡಿ. ಬಾಗ್ಲಾಕು ಅನ್ನಿ, ಸಾಕು. ರಿಸಲ್ಟ್ ದಿನ ಆದ್ರೂ ಆಕ್ತೀನಿ."

"ಜನ ಬೈತಾರೆ."

"ಬೈಯ್ಲಿ ಬುಡಿ."

ಆರತಿ ನಕ್ಕು ಲೋಟ ಕೈಗೆತ್ತಿಕೊಂಡಳು.