ತಾರಸಿಯ ಸೊಪ್ಪು

"ಕೈ ತೆಗಿ ಅದರ ಮೇಲಿಂದ!" ಎಂದು ಇನ್‌ಶಿರಾಹ್ ಕೂಗುವಷ್ಟರಲ್ಲಿ ಮೂರನೆಯ ಕೊಳವೆಯೂ ನೆಲಕ್ಕೆ ಬಿದ್ದಿತ್ತು. ಕೂಲಿಯವನು ಅದನ್ನು ಕಾಲಲ್ಲಿ ಒದ್ದು ಉರುಳಿಸಿದ. ಭತ್ತದ ಹೊಟ್ಟು ಬೆರೆಸಿದ ಹಗುರ ಮಣ್ಣು ಚೆಲ್ಲಿ, ಮೊದಲ ಕೊಯ್ಲಿಗೆ ಬಂದಿದ್ದ ಮುಲೂಖಿಯ್ಯ ಸೊಪ್ಪು ಬೇರು ಮೇಲಾಗಿ ಬಿತ್ತು. ಇಂಬಾಬಾ ಬಡಾವಣೆಯ ಆ ಐದಂತಸ್ತಿನ ಕಟ್ಟಡದ ನೆತ್ತಿಯಲ್ಲಿ, ಡಿಶ್ ಆಂಟೆನಾಗಳ ಸಂದಿಯಲ್ಲಿ, ಪ್ಲಾಸ್ಟಿಕ್ ಕೊಳವೆಗಳಿಗೆ ತೂತು ಕೊರೆದು, ಎಣ್ಣೆ ಡಬ್ಬಗಳನ್ನು ಕತ್ತರಿಸಿ ಅವಳು ನಾಲ್ಕು ವರ್ಷ ಬೆಳೆಸಿದ್ದ ತೋಟ ಅರ್ಧ ಗಂಟೆಯಲ್ಲಿ ಕಸವಾಗಿತ್ತು.

ಕಟ್ಟಡದ ಮಾಲೀಕ ಹಾಜಿ ಮುತವಲ್ಲಿ ಮೆಟ್ಟಿಲ ಬಾಗಿಲ ನೆರಳಲ್ಲಿ ಜಪಮಣಿ ತಿರುವುತ್ತ ನಿಂತಿದ್ದ.

"ಕಿರುಚಬೇಡಿ ಟೀಚರಮ್ಮ. ನಿಮ್ಮ ಗಿಡದ ನೀರು ಇಳಿದು ಐದನೇ ಮಹಡಿ ಅಫಾಫ್ ಮನೆ ಸೂರು ಸೋರ್ತಿದೆ. ಎಲ್ಲರೂ ಸಹಿ ಹಾಕಿದಾರೆ, ನೋಡಿ."

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ಅವನು ಚಾಚಿದ ಕಾಗದವನ್ನು ಮೇಲಿಂದ ಕೆಳಕ್ಕೆ ಓದಿದಳು. ವಾರಕ್ಕೆರಡು ಸಲ ಬುಟ್ಟಿ ಹಿಡಿದು ಸೊಪ್ಪಿಗೆ ಬರುತ್ತಿದ್ದ ಅಫಾಫಳ ಸಹಿ ಮೊದಲು. ಕೊನೆಯದು ಸಮೀಹ್‌ನದು, ಅವಳ ಒಡಹುಟ್ಟಿದ ತಮ್ಮನದು.

ಎರಡನೇ ಮಹಡಿಯ ಅವರಿಬ್ಬರ ಮನೆಯಲ್ಲಿ ಸಮೀಹ್ ಊಟಕ್ಕೆ ಕೂತಿದ್ದ. ಬೇಯಿಸಿದ ಅವರೆ, ರೊಟ್ಟಿ, ಪಕ್ಕದಲ್ಲಿ ಬೆಳಿಗ್ಗೆ ಅವಳೇ ಕಿತ್ತು ತೊಳೆದಿಟ್ಟಿದ್ದ ಜರ್ಜೀರ್ ಸೊಪ್ಪು.

"ನೀನೂ ಸಹಿ ಹಾಕಿದೆಯೇನೋ?"

"ಅಕ್ಕಾ, ಹಾಜಿ ಬಾಗಿಲಿಗೇ ಬಂದು ನಿಂತಿದ್ದ. ಏನಂತ ಹೇಳ್ಲಿ? ನಾಲ್ಕು ಎಲೆಗೋಸ್ಕರ ಯಾರ ಹತ್ರ ಜಗಳ ಕಟ್ಕೊಳ್ಳೋದು?"

"ಒಂದು ಮಾತು ನನಗೆ ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ? ತಿನ್ನೋಕೆ ಮಾತ್ರ ಇದೆ!" ಅವಳು ಸೊಪ್ಪಿನ ತಟ್ಟೆ ಎತ್ತಿಕೊಂಡು ಹೋಗಿ ಕಸದ ಬಕೆಟ್ಟಿಗೆ ಸುರಿದಳು. ಅವನು ಮುರಿದ ರೊಟ್ಟಿ ತುಂಡನ್ನು ಹಿಡಿದುಕೊಂಡೇ ಕೂತ.

ಆ ವಾರವಿಡೀ ಅವಳು ಅವನೊಡನೆ ಮಾತಾಡಲಿಲ್ಲ. ಗುರುವಾರ ಸಂಜೆ ಅಫಾಫ್ ಮೆಟ್ಟಿಲಲ್ಲಿ ಸಿಕ್ಕಳು.

"ಟೀಚರಮ್ಮ, ಹೇಳೋಕೆ ಮುಖ ಇಲ್ಲ... ಇನ್ನೂ ತೊಟ್ಟಿಕ್ತಿದೆ."

"ಗಿಡ ಸತ್ತು ಐದು ದಿನ ಆಯ್ತು. ಅವುಗಳ ಪ್ರೇತ ನೀರು ಕುಡೀತಿದೆಯಾ?"

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಇನ್‌ಶಿರಾಹ್ ತಾರಸಿಗೆ ಹೋದಳು. ತೋಟವಿದ್ದ ಜಾಗ ಸುಟ್ಟ ಹಂಚಿನಂತೆ ಒಣಗಿತ್ತು. ಹಾಜಿಯ ಸ್ವಂತ ಮನೆಗೆಂದು ಕಳೆದ ವರ್ಷ ಕೂರಿಸಿದ್ದ ಟ್ಯಾಂಕಿನ ಹಿಂದೆ ಮಾತ್ರ, ಕೊಳವೆ ನೆಲದೊಳಗೆ ಇಳಿಯುವಲ್ಲಿ, ಸಿಮೆಂಟು ಕಪ್ಪಗೆ ಒದ್ದೆಯಾಗಿ ಪಾಚಿ ಕಟ್ಟಿತ್ತು. ಅವಳು ವಾಲ್ವ್ ತಿರುಗಿಸಿ ಮುಚ್ಚಿ, ಟ್ಯಾಂಕಿನ ಕಟ್ಟೆಯ ಮೇಲೆ ಕೂತಳು.

ಹನ್ನೊಂದಕ್ಕೆ ಹಾಜಿ ಏದುಸಿರು ಬಿಡುತ್ತ ಮೇಲೆ ಬಂದ. ಶುಕ್ರವಾರದ ನಮಾಜಿಗೆ ಸ್ನಾನಕ್ಕೆ ಇಳಿದಾಗ ನಲ್ಲಿಯಲ್ಲಿ ಉಳಿದಿದ್ದ ನೀರೂ ನಡುವೆಯೇ ಮುಗಿದು, ತಲೆತುಂಬ ಸೋಪಿನ ನೊರೆ, ಹೆಗಲ ಮೇಲೆ ಟವೆಲ್. ಹಿಂದೆಯೇ ಅಫಾಫ್, ಸಮೀಹ್, ಇನ್ನೂ ನಾಲ್ಕು ಮನೆಯವರು.

"ನನ್ನ ನೀರು ನಿಲ್ಲಿಸೋಕೆ ನೀನ್ಯಾರು?"

"ಅಫಾಫ್, ಸೂರು ಹೇಗಿದೆ?"

ಅಫಾಫ್ ಹಾಜಿಯ ಮುಖ ನೋಡಿದಳು, ನೆಲ ನೋಡಿದಳು. "ಹತ್ತು ಗಂಟೆಯಿಂದ ಒಂದು ಹನಿ ಬಿದ್ದಿಲ್ಲ," ಎಂದಳು ಮೆಲ್ಲಗೆ.

"ಕೇಳಿಸ್ತಾ ಹಾಜಿ? ವಾಲ್ವ್ ಬೇಕಾದ್ರೆ ತೆಗೀರಿ. ತೆಗೆದ ಮೇಲೆ ಅವಳ ಮನೆ ಸೂರಿನ ಕೆಳಗೆ ಹೋಗಿ ನಿಂತ್ಕೊಳ್ಳಿ. ಅಲ್ಲೇ ತಲೆ ತೊಳೆಯೋದೂ ಮುಗಿಯುತ್ತೆ!"

ಯಾರೋ ಕಿಸಕ್ಕನೆ ನಕ್ಕರು. ನೊರೆ ಹಾಜಿಯ ಹುಬ್ಬಿನಿಂದ ಕಣ್ಣಿಗಿಳಿಯಿತು. ಅವನು ಕಣ್ಣುಜ್ಜುತ್ತ, "ಪ್ಲಂಬರ್‌ನ ಕರೆಸ್ತೀನಿ," ಎಂದು ಗೊಣಗಿ ಇಳಿದುಹೋದ. ತಪ್ಪಾಯಿತೆಂದು ಅವನೂ ಹೇಳಲಿಲ್ಲ, ಉಳಿದವರೂ ಹೇಳಲಿಲ್ಲ.

"ಮತ್ತೆ ಜರ್ಜೀರ್ ಹಾಕ್ತೀರಲ್ಲ, ಟೀಚರಮ್ಮ?" ಎಂದಳು ಅಫಾಫ್, ನಗಲು ನೋಡುತ್ತ.

"ಹಾಕ್ತೀನಿ. ಬುಟ್ಟಿ ತಗೊಂಡು ಮಾತ್ರ ಬರಬೇಡ."

ಮುಂದಿನ ವಾರ ಹೊಸ ಕೊಳವೆಗಳು ಬಂದವು. ಇನ್‌ಶಿರಾಹ್ ಒಂದನ್ನು ಮೊಣಕಾಲಲ್ಲಿ ಅದುಮಿ ಹಿಡಿದು ಡ್ರಿಲ್ ಒತ್ತಿದಳು. ಅದು ಜಾರಿತು, ಮತ್ತೆ ಜಾರಿತು. ಯಾವಾಗಲೋ ಮೇಲೆ ಬಂದು ಬಾಗಿಲಲ್ಲಿ ನಿಂತಿದ್ದ ಸಮೀಹ್ ಎದುರು ಬಂದು ಕುಕ್ಕರಗಾಲಲ್ಲಿ ಕೂತು ಕೊಳವೆಯ ಇನ್ನೊಂದು ತುದಿ ಹಿಡಿದ. ಅವಳು ತಲೆ ಎತ್ತಲಿಲ್ಲ. ಬಿಡು ಎಂದೂ ಹೇಳಲಿಲ್ಲ. ಡ್ರಿಲ್ ಕಿರುಗುಟ್ಟಿತು. ಬಿಳಿ ಚೂರುಗಳು ಸುರುಳಿ ಸುರುಳಿಯಾಗಿ ಎದ್ದು ಅವನ ಇಸ್ತ್ರಿ ಮಾಡಿದ ಅಂಗಿಯ ತೋಳಿಗೆ ಅಂಟಿಕೊಳ್ಳತೊಡಗಿದವು.