ಎರಡೂ ಕಿವಿ ಕಾಣಬೇಕು

ಮಾವನ ಸ್ಟುಡಿಯೊದ ಗೋಡೆಯ ಮೇಲೆ ಹತ್ತೊಂಬತ್ತು ಹಕ್ಕಿಗಳಿದ್ದವು. ಇಪ್ಪತ್ತನೆಯದಕ್ಕೆ ಮೊಳೆ ಹೊಡೆದಾಗಿತ್ತು. ವರ್ಷವಿಡೀ ಪಾಸ್‌ಪೋರ್ಟ್ ಫೋಟೊ ತೆಗೆಯುವ ಮನುಷ್ಯ ಒಂದು ದಿನ ಮಾತ್ರ ಅಂಗಡಿ ಮುಚ್ಚಿ, ಮೊದಲ ಬಸ್ಸು ಹಿಡಿದು ಕಡಲ ಬಂಡೆಗಳಿಗೆ ಹೋಗುತ್ತಿದ್ದ. ಅಲ್ಲಿ ಮೀನಿಗಾಗಿ ಹಾರಾಡುವ, ತಲೆ ಮೇಲೆ ಕಪ್ಪು ಟೊಪ್ಪಿ ಇಟ್ಟ ಹಾಗಿರುವ ಬಿಳಿ ಹಕ್ಕಿಗಳ ಫೋಟೊ ತೆಗೆದು, ಒಂದನ್ನು ಉಳಿಸಿಕೊಂಡು ಮಿಕ್ಕವನ್ನೆಲ್ಲ ಅಳಿಸಿಬಿಡುತ್ತಿದ್ದ. ಉಳಿದದ್ದು ಗೋಡೆಗೆ.

ಅಕ್ಕನ ಮಗಳು ಶಾಲೆ ಬಿಟ್ಟಾಗಿನಿಂದ ಅವನ ಹತ್ತಿರವೇ ಕೆಲಸಕ್ಕಿದ್ದಳು. ಗಿರಾಕಿಯ ಹಿಂದೆ ಬಿಳಿ ಬಟ್ಟೆ ಎಳೆದು ಹಿಡಿಯುವುದು, ಅಚ್ಚಾದ ಫೋಟೊಗಳನ್ನು ಕತ್ತರಿಸುವುದು ಅವಳ ಕೆಲಸ. ಗಿರಾಕಿಗಳ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ಅದಕ್ಕೇ ಮಾವ ಅವಳಿಗೆ ‘ರೇಡಿಯೊ’ ಎಂದು ಹೆಸರಿಟ್ಟಿದ್ದ.

ರೇಡಿಯೊಗೆ ಬಾಯಿ ಇಲ್ಲದಿದ್ದರೂ ಕಣ್ಣಿತ್ತು. ಮೂರು ತಿಂಗಳ ಹಿಂದೆ ಫೋಟೊ ಕತ್ತರಿಸುವಾಗ ಗಿರಾಕಿಗಳ ಹುಬ್ಬು ಮಸುಕಾಗಿರುವುದನ್ನು ನೋಡಿದಳು. ಆಮೇಲೆ ಮಾವ ಚಹಾದ ಲೋಟವನ್ನು ಎಡಗೈಗೆ ದಾಟಿಸಿದ್ದನ್ನು ನೋಡಿದಳು. ಬಲಗೈ ನಡುಗುತ್ತಿತ್ತು. ಮರುದಿನ ಅವಳು ಬೇಗ ಬಂದು ಅಂಗಡಿಯ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದಳು. “ಮೇಜು ಒರೆಸಬೇಕಿತ್ತು ಮಾವ, ಅದಕ್ಕೇ ಇಲ್ಲಿಟ್ಟೆ” ಎಂದಳು. ಮೂವತ್ತು ವರ್ಷ ಕೈಯಲ್ಲೇ ಹಿಡಿದು ಫೋಟೊ ತೆಗೆದವನು ‘ಹೂಂ’ ಎಂದ. ಕ್ಯಾಮೆರಾ ಅಲ್ಲೇ ಉಳಿಯಿತು.

ಈ ಸಲ ಕಡಲಿಗೆ ಅವಳನ್ನೂ ಕರೆದುಕೊಂಡು ಬಂದಿದ್ದ. ಗಾಳಿ ಎಂದರೆ ಅಂಥಿಂಥ ಗಾಳಿಯಲ್ಲ, ಮಾತು ಬಾಯಿಂದ ಹೊರಬಿದ್ದ ಕೂಡಲೇ ಹೊತ್ತೊಯ್ಯುತ್ತಿತ್ತು. ಅತ್ತೆ ಬಲವಂತವಾಗಿ ಸುತ್ತಿಕಳಿಸಿದ್ದ ಮಫ್ಲರಿನಲ್ಲಿ ಮಾವ ಹಲ್ಲುನೋವಿನವನ ಹಾಗೆ ಕಾಣುತ್ತಿದ್ದ.

“ನಗಬೇಡ್ವೇ. ಸ್ಟ್ಯಾಂಡ್ ಬಿಚ್ಚು.”

ಸ್ಟ್ಯಾಂಡ್ ಬಿಚ್ಚಿದವಳು ಹಾಗೇ ನಿಂತಳು. ಕ್ಯಾಮೆರಾದ ತಳಕ್ಕೆ ತಿರುಪು ಹಾಕಿ ಕೂರಿಸುವ ಸಣ್ಣ ಬಿಲ್ಲೆಯೇ ಇರಲಿಲ್ಲ. ಅದಿಲ್ಲದೆ ಸ್ಟ್ಯಾಂಡು ಬರೀ ಮೂರು ಕೋಲು.

“ಬಿಲ್ಲೆ ಎಲ್ಲೇ?”

“ಅಂಗಡಿ ಕ್ಯಾಮೆರಾದಲ್ಲೇ ಉಳಿದುಬಿಟ್ಟಿದೆ ಮಾವ.” ಅವಳ ಮುಖ ಸುಟ್ಟುಕೊಂಡ ಹಾಗಾಯಿತು. ಸಾಮಾನು ಕಟ್ಟಿದವಳೂ ಅವಳೇ, ಮರೆತವಳೂ ಅವಳೇ.

“ಹೋಗ್ಲಿ ಬಿಡು. ಕೈ ಇಲ್ವಾ ನಂಗೆ?” ಮಾವ ಉದ್ದ ಲೆನ್ಸಿನ ಕ್ಯಾಮೆರಾ ಎತ್ತಿದ.

ಹಕ್ಕಿಗಳು ಗಾಳಿಗೆ ಎದೆಕೊಟ್ಟು ನಿಂತಲ್ಲೇ ನಿಲ್ಲುತ್ತಿದ್ದವು, ಕಲ್ಲೆಸೆದ ಹಾಗೆ ನೀರಿಗೆ ಬೀಳುತ್ತಿದ್ದವು, ಮೀನಿನೊಂದಿಗೆ ಏಳುತ್ತಿದ್ದವು. ಮಾವ ಒಂದೇ ಸಮನೆ ಕ್ಲಿಕ್ಕಿಸಿದ. ಪರದೆಯಲ್ಲಿ ಒಂದೊಂದೇ ನೋಡಿದರು. ಒದ್ದೆ ಗೋಡೆಯ ಮೇಲೆ ಸುಣ್ಣ ಒರೆಸಿದ ಹಾಗೆ, ಎಲ್ಲವೂ ಬಿಳಿ ಗೀರು.

“ಹಾಳಾದ ಗಾಳಿ ಕಣೇ” ಎಂದ ಮಾವ.

“ಹೌದು ಮಾವ, ಗಾಳಿ.”

“ಬಾ, ಕೂತ್ಕೋ ಇಲ್ಲಿ. ನಿನ್ನ ಹೆಗಲೇ ಸ್ಟ್ಯಾಂಡು. ಅಲುಗಾಡಬೇಡ.”

ಅವಳು ಉಸಿರು ಬಿಗಿಹಿಡಿದು ಕೂತಳು. ಲೆನ್ಸಿನ ಭಾರ ಹೆಗಲ ಮೇಲೆ ಬಿತ್ತು. ಅದರೊಂದಿಗೆ ಆ ನಡುಕವೂ ಬಂತು. ಇಷ್ಟು ದಿನ ಕಣ್ಣಿಗೆ ಮಾತ್ರ ಕಂಡಿದ್ದು ಈಗ ಮೂಳೆಗೇ ಮುಟ್ಟಿತು. ಇಷ್ಟೊಂದು ಇದೆ ಎಂದು ಅವಳು ಅಂದುಕೊಂಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಭಾರ ಇಳಿಯಿತು.

“ಗಾಳಿ ಅಲ್ಲ” ಎಂದ ಮಾವ, ಕಡಲ ಕಡೆ ನೋಡುತ್ತ.

“ಗೊತ್ತು.”

“ನಿಂಗೆ ಗೊತ್ತಿರೋದು ನಂಗೂ ಗೊತ್ತು. ಮೂರು ತಿಂಗಳಾಯ್ತು, ಇನ್ನೂ ಮೇಜು ಒರೆಸ್ತಾನೇ ಇದ್ದೀಯಲ್ಲ!”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿಬಂದವು. ಮಾವ ಫ್ಲಾಸ್ಕ್ ತೆಗೆದು ಚಹಾ ಬಗ್ಗಿಸಿದ, ಅರ್ಧ ಬಂಡೆಗೆ, ಅರ್ಧ ಲೋಟಕ್ಕೆ. “ಹಾಗಾದ್ರೆ ಈ ವರ್ಷ ಆ ಮೊಳೆಗೆ ಕ್ಯಾಲೆಂಡರ್ ನೇತುಹಾಕೋಣ. ತಾರೀಖಾದ್ರೂ ಕಾಣುತ್ತೆ.”

ತಮಾಷೆಗೆ ಹೇಳಿದ್ದು. ಆದರೆ ಹೇಳುತ್ತಲೇ ಅವನು ಲೆನ್ಸಿಗೆ ಮುಚ್ಚಳ ಹಾಕಲು ಹೊರಟ. ಮುಚ್ಚಳ ಒಂದೇ ಸಲಕ್ಕೆ ಕೂರಲಿಲ್ಲ. ಅವಳು ಕೈಚಾಚಿದಳು.

“ಕೊಡು ಮಾವ.”

“ಮುಚ್ಚಳ ಹಾಕೋಕೂ ಬರಲ್ವೇನೇ ನಂಗೆ?”

“ಮುಚ್ಚಳ ಅಲ್ಲ. ಕ್ಯಾಮೆರಾ.”

ಮಾವ ಅವಳನ್ನು ಒಂದು ಸಲ ನೋಡಿದ. ಆಮೇಲೆ ಪಟ್ಟಿಯನ್ನು ತನ್ನ ಕುತ್ತಿಗೆಯಿಂದ ತೆಗೆದು ಅವಳ ಕುತ್ತಿಗೆಗೆ ಹಾಕಿದ. ಅವಳ ಬೆನ್ನ ಹಿಂದೆ ಕೋಟು ಅಗಲಿಸಿ ಗಾಳಿಗೆ ಅಡ್ಡ ನಿಂತ.

“ಮೊಣಕೈ ಹೊಟ್ಟೆಗೆ ಒತ್ಕೋ. ಅದರ ಹಿಂದೆ ಓಡ್ಬೇಡ, ಅದೇ ಬರುತ್ತೆ. ಬೀಳೋ ಮುಂಚೆ ಒಂದು ಕ್ಷಣ ತಡೆಯುತ್ತೆ ನೋಡು… ಅಯ್ಯೋ, ಹೋಯ್ತು. ಇರ್ಲಿ.”

ಹೀಗೆ ಹತ್ತಿಪ್ಪತ್ತು ಹೋದವು. ಅಷ್ಟರಲ್ಲಿ ಒಂದು ಹಕ್ಕಿ ನೇರ ಇವರ ಕಡೆಗೇ ಬಂದು ಗಾಳಿಯಲ್ಲಿ ನಿಂತಿತು. ಮಾವ ಮೂವತ್ತು ವರ್ಷದ ಅಭ್ಯಾಸಬಲದಿಂದ ಗಂಭೀರವಾಗಿ ಹೇಳಿದ: “ಗಲ್ಲ ಸ್ವಲ್ಪ ಮೇಲೆ. ಎರಡೂ ಕಿವಿ ಕಾಣಬೇಕು. ಹೂಂ!”

ಆ ‘ಹೂಂ’ಗೆ ಅವಳ ಬೆರಳು ತಾನಾಗಿಯೇ ಒತ್ತಿತು.

ಗೋಡೆಯ ಹತ್ತೊಂಬತ್ತು ಹಕ್ಕಿಗಳೂ ಪಕ್ಕಕ್ಕೆ ತಿರುಗಿದ್ದವು, ಕೊಕ್ಕು, ಬಾಲ ಎಲ್ಲ ಕಾಣುವ ಹಾಗೆ. ಇದು ನೇರ ಮುಖ. ಎರಡು ಕಣ್ಣು, ನಡುವೆ ಚುಕ್ಕಿಯಂತೆ ಕೊಕ್ಕು, ಇತ್ತ ಒಂದು ರೆಕ್ಕೆ, ಅತ್ತ ಒಂದು. ಒಂದೊಂದು ಗರಿಯೂ ಸ್ಪಷ್ಟವಾಗಿತ್ತು.

“ಪಾಸ್‌ಪೋರ್ಟ್ ಫೋಟೊ ಆಗಿಬಿಟ್ಟಿದೆ” ಎಂದಳು ಅವಳು ಸಣ್ಣ ದನಿಯಲ್ಲಿ. “ಅಳಿಸಿಬಿಡ್ಲಾ?”

“ಅಳಿಸಿದ್ರೆ ನೋಡು ಮತ್ತೆ!” ಮಾವ ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದ. ಅವನ ಕಣ್ಣಲ್ಲಿ ನೀರಿತ್ತು. ಅದು ಮಾತ್ರ ಗಾಳಿಗೇ ಇರಬೇಕು. “ಕಿವಿ ಮಾತ್ರ ಕಾಣ್ತಿಲ್ಲ, ಅಷ್ಟೆ.”

ಮರುದಿನ ಬೆಳಿಗ್ಗೆ ಇಪ್ಪತ್ತನೇ ಮೊಳೆಯಿಂದ ಆ ಹಕ್ಕಿ ಅಂಗಡಿಗೆ ಬರುವವರನ್ನೆಲ್ಲ ದಿಟ್ಟಿಸಿ ನೋಡುತ್ತಿತ್ತು. ಮೊದಲ ಗಿರಾಕಿ ಬಂದು ಕುರ್ಚಿಯಲ್ಲಿ ಕೂತರು. ಮಾವ ಎದ್ದವನು ಕ್ಯಾಮೆರಾದ ಕಡೆ ಹೋಗದೆ, ಗಿರಾಕಿಯ ಹಿಂದೆ ಹೋಗಿ ಬಿಳಿ ಬಟ್ಟೆ ಹಿಡಿದು ನಿಂತ.

ಅವಳು ಅವನನ್ನೇ ನೋಡಿದಳು. ಅವನು ಚಾವಣಿ ನೋಡಿದ.

ಅವಳು ಸ್ಟ್ಯಾಂಡಿನ ಹಿಂದೆ ಹೋಗಿ ನಿಂತಳು. “ಗಲ್ಲ… ಸ್ವಲ್ಪ ಮೇಲೆ.”

“ಏನಮ್ಮಾ?” ಎಂದರು ಗಿರಾಕಿ.

“ರೇಡಿಯೊ ಸ್ವಲ್ಪ ಜೋರು ಮಾಡಮ್ಮಾ” ಎಂದ ಮಾವ ಹಿಂದಿನಿಂದ.

“ಗಲ್ಲ ಮೇಲೆ!” ಎಂದಳು ಅವಳು. ಬೀದಿಗೂ ಕೇಳಿಸಿರಬೇಕು. “ಎರಡೂ ಕಿವಿ ಕಾಣಬೇಕು!”

ಫ್ಯಾನು ನಿಂತಿತ್ತು, ಕಿಟಕಿ ಮುಚ್ಚಿತ್ತು. ಆದರೂ ಗಿರಾಕಿಯ ಹಿಂದೆ ಬಟ್ಟೆ ಒಂದು ಬದಿಯಲ್ಲಿ ಸಣ್ಣಗೆ ಅಲುಗುತ್ತಿತ್ತು. ಅವಳು ಅವಸರಪಡದೆ ಒತ್ತಿದಳು. ಬಿಳಿ ಬಟ್ಟೆ ನಡುಗಿದರೆ ಫೋಟೊದಲ್ಲಿ ಕಾಣುವುದಿಲ್ಲ.